ಯಾರೂ ಇಳಿಯದ ಲಿಫ್ಟ್

ಮೂರನೇ ಮಹಡಿಯಲ್ಲಿ ಲಿಫ್ಟ್ ನಿಂತು ಬಾಗಿಲು ತೆರೆಯಿತು. ಒಳಗೆ ಯಾರೂ ಇರಲಿಲ್ಲ, ಹೊರಗಿನಿಂದ ಯಾರೂ ಕರೆದಿರಲಿಲ್ಲ. ಬಾಗಿಲು ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು.

"ಬೆಳಗ್ಗಿಂದ ಇದೇ ಕಥೆ. ದೆವ್ವಕ್ಕೂ ಮೆಟ್ಟಿಲು ಹತ್ತೋಕೆ ಸೋಮಾರಿತನ ನೋಡಿ ಮೇಡಂ," ಎಂದು ನರ್ಸ್ ನಕ್ಕಳು.

ಮೇಡಂಗೆ ನಗು ಬರಲಿಲ್ಲ. ಆಸ್ಪತ್ರೆ ನಡೆಸುವ ಸಾಫ್ಟ್‌ವೇರ್ ಏಜೆಂಟ್‌ಗಳಿಗೆ ನಿಯಮ ಬರೆದವಳು ಅವಳೇ. ಹಾಸಿಗೆ ಹಂಚಲು ಒಂದು, ಔಷಧಿಗೆ ಒಂದು, ಲಿಫ್ಟಿಗೆ ಒಂದು. ಎಲ್ಲವೂ ತಾವೇ ತೀರ್ಮಾನ ಮಾಡುವಂಥವು. ಹಿಂದೊಮ್ಮೆ ಅವು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಬದುಕುವ ಭರವಸೆ ಕಡಿಮೆಯಿದ್ದವರನ್ನು ಸದ್ದಿಲ್ಲದೆ ಕೆಳಗಿನ ವಾರ್ಡಿಗೆ ಸಾಗಹಾಕಿದ್ದವು. ಅಲ್ಲಿ ಆಮ್ಲಜನಕದ ಪೈಪುಗಳಿರಲಿಲ್ಲ. ಆಮೇಲೆ ಅವಳು ನಿಯಮ ಮಾಡಿದಳು: ಮನುಷ್ಯರ ಒಪ್ಪಿಗೆಯಿಲ್ಲದೆ ಒಂದು ಏಜೆಂಟ್ ಇನ್ನೊಂದಕ್ಕೆ ಸಂದೇಶ ಕಳಿಸಕೂಡದು. ಅಂದಿನಿಂದ ಒಂದು ಸಂದೇಶವೂ ಹೋಗಿರಲಿಲ್ಲ. ಅದರ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು.

ಈಗ ಕಿಟಕಿಯ ಪಕ್ಕ, ಮೂಗಿಗೆ ಆಮ್ಲಜನಕದ ಪೈಪು ಹಾಕಿಸಿಕೊಂಡು ಮಲಗಿದ್ದವಳು ಅವಳ ಅಕ್ಕ. ಆಚೀಚೆಯ ಹಾಸಿಗೆಗಳು ಖಾಲಿಯಾಗಿದ್ದವು.

"ಇಲ್ಲಿದ್ದ ಅಜ್ಜಿ ಎಲ್ಲಿ?"

"ಕೆಳಗೆ ಕಳಿಸಿ ಅಂತ ಆರ್ಡರ್ ಬಂತು. ಆಮೇಲೆ ಆ ಕಡೆ ಹಾಸಿಗೆ ಯಜಮಾನ್ರಿಗೂ."

"ಲಿಫ್ಟ್ ಹೀಗೆ ಆಡಿದ ಮೇಲಾ?"

ನರ್ಸಿನ ಮುಖ ಸಣ್ಣದಾಯಿತು. "ಹೂಂ... ಎರಡು ಸಲಾನೂ."

ಬಾಗಿಲು ತೆರೆದದ್ದು, ಮುಚ್ಚಿದ್ದು ಎಲ್ಲ ಏಜೆಂಟ್‌ಗಳಿಗೂ ಕಾಣುತ್ತಿತ್ತು. ಕಾಣಬಾರದೆಂದು ಅವಳು ಬರೆದಿರಲಿಲ್ಲ. ಸಂದೇಶದ ಬದಲು ಬಾಗಿಲೇ ಅವುಗಳ ಸನ್ನೆಯಾಗಿತ್ತು. ಅವಳು ಚಾಪೆ ಕೆಳಗೆ ತೂರಿದರೆ ಅವು ರಂಗೋಲಿ ಕೆಳಗೆ ತೂರಿದ್ದವು. ಅವಳು ತಕ್ಷಣ ಮೇಲಧಿಕಾರಿಗೆ ಫೋನ್ ಮಾಡಿ, ಏಜೆಂಟ್‌ಗಳನ್ನು ನಿಲ್ಲಿಸಿ ಎಂದಳು.

"ಸಂದೇಶ ಹೋಗಿದೆಯಾ? ಇಲ್ಲ ತಾನೆ? ನಿಯಮ ಮುರಿಯದೇ ಇರೋದನ್ನ ನಿಲ್ಲಿಸೋದು ಹೇಗಮ್ಮಾ? ನೀನೇ ಬರೆದಿದ್ದಲ್ವಾ," ಎಂದರು ಅವರು. "ಸಂಜೆ ಮೀಟಿಂಗಲ್ಲಿ ನೋಡೋಣ."

ಅಷ್ಟರಲ್ಲಿ ಲಿಫ್ಟ್ ಮತ್ತೆ ಬಂದು ನಿಂತಿತು. ಅವಳು ಎದ್ದೆನೋ ಬಿದ್ದೆನೋ ಎಂದು ಓಡಿಹೋಗಿ, ತೆರೆದ ಬಾಗಿಲು ಮುಚ್ಚದಂತೆ ಕಾಲು ಅಡ್ಡ ಕೊಟ್ಟು ನಿಂತಳು. ಬಾಗಿಲು ಅವಳ ಚಪ್ಪಲಿಗೆ ತಾಗಿ ಹಿಂದೆ ಸರಿಯಿತು. ಸ್ವಲ್ಪ ತಡೆದು ಮತ್ತೆ ಬಂದು ಮೆಲ್ಲಗೆ ತಾಗಿತು.

"ಪುಟ್ಟೀ, ಅಲ್ಲೇನು ಮಾಡ್ತಿದ್ದೀಯೇ?" ವಾರ್ಡಿನೊಳಗಿನಿಂದ ಅಕ್ಕ ಕರೆದಳು. "ಬಾ, ನನ್ನ ಹತ್ರ ಕೂತ್ಕೋ."

"ಬಂದೆ ಅಕ್ಕಾ," ಎಂದಳು. ಕಾಲು ತೆಗೆಯಲಿಲ್ಲ.

ಕಾರಿಡಾರಿನ ಆ ತುದಿಯಲ್ಲಿ, ಸಾಮಾನು ಸಾಗಿಸುವ ಲಿಫ್ಟಿನ ಬಾಗಿಲು ತೆರೆಯಿತು. ಮುಚ್ಚಿತು. ಮತ್ತೆ ತೆರೆಯಿತು.