ಹೆಲೆನಬಾಯಿಯ ಚಾಲಚಲನ

ಹೆಲೆನಬಾಯಿ ನಮ್ಮ ಓಣಿಯ ತುದಿಯಲ್ಲಿ ಕಾಣಿಸಿಕೊಂಡರೆಂದರೆ ಹೊಸಬರು ಮೊದಲು ಅವರನ್ನು ನೋಡುವುದಿಲ್ಲ; ತಮ್ಮ ಕಾಲ ಕೆಳಗಿನ ನೆಲವನ್ನು ನೋಡಿಕೊಳ್ಳುತ್ತಾರೆ, ಅದೇನಾದರೂ ಎಡಕ್ಕೆ ವಾಲಿದೆಯೋ ಎಂದು. ಅವರ ಬಲಗಾಲು ನೆಟ್ಟಗೆ ಚರ್ಚಿನ ಕಡೆಗೆ ಹೊರಡುತ್ತದೆ, ಎಡಗಾಲು ಅರ್ಧವೃತ್ತ ಬರೆಯುತ್ತಾ ಬಸ್‌ಸ್ಟ್ಯಾಂಡಿನ ಕಡೆಗೆ. ನಡುವಿನ ದೇಹವು ಈ ಎರಡು ದಂಡಯಾತ್ರೆಗಳ ನಡುವೆ ಸಂಧಾನ ಮಾಡಿಸುತ್ತಾ, ಪರಮಾಶ್ಚರ್ಯವೆಂಬಂತೆ, ಹೋಗಬೇಕಾದ ಜಾಗಕ್ಕೇ ಹೋಗಿ ಮುಟ್ಟುತ್ತದೆ. ಕಾಲೇಜಿನ ದಿನಗಳಲ್ಲಿ ಗುಲಬರ್ಗಾದ ಮೈದಾನದಲ್ಲಿ ಎದುರಾಳಿಯ ಹಾಕಿ ಕೋಲು ಮೊಣಕಾಲಿಗೆ ಬಿದ್ದ ಫಲ ಅದು. ಆ ಏಟಿನ ಸದ್ದು ಹುಮನಾಬಾದದವರೆಗೆ ಕೇಳಿಸಿತೆಂದು ನಾನು ಹೇಳುತ್ತೇನೆ. ಹೆಲೆನಬಾಯಿ ಅಷ್ಟಿಲ್ಲ, ಕಮಲಾಪುರದ ತನಕ ಮಾತ್ರ ಎನ್ನುತ್ತಾರೆ. ಅದೇ ಕಾಲಿನ ಮೇಲೆ ನಿಂತು ಅವರು ಗೋಲು ಹೊಡೆದರೆಂಬ ಸಂಗತಿಯಲ್ಲಿ ಮಾತ್ರ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ನಾನು ಅವರ ಪಕ್ಕದ ಮನೆಯವನು, ನಿವೃತ್ತ ಮಾಸ್ತರ, ಒಂದು ಕಾಲದ ಗೋಲ್‌ಕೀಪರ. ನನ್ನ ಕಾಲುಗಳ ನಡುವೆ ಚೆಂಡುಗಳಷ್ಟೇ ಅಲ್ಲ, ಒಮ್ಮೆ ಒಂದು ನಾಯಿಯೂ ನಿರಾತಂಕವಾಗಿ ಹಾದುಹೋಗಿದೆ. ಆದ್ದರಿಂದ ಆಟದ ವಿಷಯದಲ್ಲಿ ನನ್ನ ಮಾತಿಗೆ ಓಣಿಯಲ್ಲಿ ತೂಕವಿಲ್ಲ. ಹೆಲೆನಬಾಯಿಯ ಮಾತಿಗೆ ಇದೆ. ದವಾಖಾನೆಯ ನರ್ಸಿನ ಕೆಲಸದಿಂದ ನಿವೃತ್ತರಾದ ಮರುದಿನವೇ, ಕಾಲೇಜು ತಂಡದ ಆ ಪುರಾತನ ಕುಂಕುಮಗೆಂಪು ಕೋಟನ್ನು ಸೀರೆಯ ಮೇಲೆ ತೊಟ್ಟು, ಚರ್ಚಿನ ಹಿಂದಿನ ಬಯಲಿನಲ್ಲಿ ಹುಡುಗಿಯರಿಗೆ ಹಾಕಿ ಕಲಿಸಲು ನಿಂತವರು ಇಂದಿಗೂ ನಿಂತೇ ಇದ್ದಾರೆ. ಬೀದರಿನ ಮೇ ತಿಂಗಳ ಬಿಸಿಲಿನಲ್ಲಿ ಹಲ್ಲಿಗಳೂ ತುದಿಗಾಲಿನಲ್ಲಿ ನಡೆಯುತ್ತವೆ. ಹೆಲೆನಬಾಯಿ ಕೋಟಿನ ಒಂದು ಗುಂಡಿಯನ್ನೂ ಬಿಚ್ಚುವುದಿಲ್ಲ. ಆಟವೆಂದರೆ ಅವರಿಗೆ ಭಾನುವಾರದ ಆರಾಧನೆಯಷ್ಟೇ ಗಂಭೀರವಾದ ಕಾರ್ಯ. ಹುಡುಗಿಯರು ಹಿಂದೂಗಳಿರಲಿ, ಬೌದ್ಧರಿರಲಿ, ಮುಸ್ಲಿಮರಿರಲಿ, ಚೆಂಡಿನ ಹಿಂದೆ ಓಡದವರು ಮಾತ್ರ ಅವರ ಲೆಕ್ಕದಲ್ಲಿ ಪಾಪಿಗಳು.

ಹೋದ ವರ್ಷ ನಮ್ಮ ಗಡಿನಾಡ ಹಾಕಿ ಮಂಡಳಿ ಒಂದು ನಿಯಮ ಹೊರಡಿಸಿತು. ಮಕ್ಕಳಿಗೆ ಆಟ ಕಲಿಸುವ ಪ್ರತಿಯೊಬ್ಬರೂ, ಪುಕ್ಕಟೆ ಕಲಿಸುವವರೂ ಸೇರಿ, ಮಕ್ಕಳ ಸುರಕ್ಷತೆಯ ತರಬೇತಿ ಪಡೆಯಬೇಕು. ಪ್ರಥಮ ಚಿಕಿತ್ಸೆ ಕಲಿಯಬೇಕು. ಪೊಲೀಸರಿಂದ ತಮ್ಮ ನಡತೆಯ ತಪಾಸಣೆ ಮಾಡಿಸಿಕೊಳ್ಳಬೇಕು. ಮೂರೂ ಆದವರಿಗೆ ಕೊರಳಿಗೆ ಹಾಕಿಕೊಳ್ಳಲು ಒಂದು ಕಾರ್ಡು. ಜಿಲ್ಲೆಯ ಫೈನಲ್ ದಿನದಿಂದ ಕಾರ್ಡಿಲ್ಲದವರು ಮೈದಾನದ ಗೇಟು ದಾಟಕೂಡದು. ಊರಿನ ಕ್ರೀಡಾಭಿಮಾನಿಗಳೆಲ್ಲ ಬಿಸಿ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿದರು. ಸೇವೆ ಮಾಡುವವರಿಗೂ ಅನುಮಾನವೇ, ಎಂದರು. ನಾನೂ ಹೆಲೆನಬಾಯಿಯ ಮುಂದೆ ಸಿಡಿದೆ.

“ನಿಮಗ್ಯಾಕ ಬೇಕ್ರಿ ಸಿಸ್ಟರ್ ಈ ತಪಾಸ? ಅರ್ಧಾ ಬೀದರ ನಿಮ್ಮ ಕೈಯಾಗೇ ಹುಟ್ಯಾದ.”

“ಪುಕ್ಕಟ ಕಲಸ್ತೇವಂತ ಪೋರಿಗೋಳು ನಮ್ಮ ಸ್ವತ್ತೇನ್ರಿ ಮಾಸ್ತರ?” ಎಂದರು. ಆಮೇಲೆ ದನಿ ಇಳಿಸಿ, “ದವಾಖಾನ್ಯಾಗ ಜನ್ಮಾ ಕಳದೀನಿ. ಬಾಯಿ ಬಿಡಲಾರದ ಪೋರಿಗೋಳ ಮೈಮ್ಯಾಲಿನ ಗಾಯ ಏನೇನು ಹೇಳ್ತಾವ, ನನಗ ಗೊತ್ತದ.”

ಸಿಡಿದ ಸಾಸಿವೆ ತಣ್ಣಗಾಗಿ ನಾನು ಮನೆಗೆ ಹೋದೆ. 

ತರಬೇತಿ ನಡೆದದ್ದು ಬೀದರಿನ ಪಕ್ಕದ ಕೊಳಾರದ ಕಾರ್ಖಾನೆಗಳ ನಡುವಿನ ಒಂದು ತಗಡಿನ ಮಾಡಿನ ಹಾಲಿನಲ್ಲಿ. ಒಳಗಿನ ಸೆಖೆಗೆ ಗೋಡೆಯ ಗಡಿಯಾರದ ಮುಳ್ಳುಗಳೂ ಮೆತ್ತಗಾಗಿ ಜೋತುಬಿದ್ದಿದ್ದವೆಂದು ಹೋಗಿ ಬಂದವರು ಹೇಳುತ್ತಾರೆ, ಹೇಳಿದವನು ನಾನೇ. ಪಾಠ ಮಾಡಲು ಬಂದ ಹುಡುಗಿ ಹೆಲೆನಬಾಯಿ ನರ್ಸೆಂದು ತಿಳಿದು, ಪ್ರಥಮ ಚಿಕಿತ್ಸೆಯ ಪರೀಕ್ಷೆಯಿಂದ ನಿಮಗೆ ವಿನಾಯಿತಿ ಎಂದಳು. “ರಿಯಾಯ್ತಿ ಬ್ಯಾಡವ್ವಾ” ಎಂದು ಹೆಲೆನಬಾಯಿ ಎಲ್ಲರೊಡನೆ ನೆಲದ ಮೇಲೆ ಕೂತು, ರಬ್ಬರಿನ ಬೊಂಬೆಯೊಂದರ ಎದೆಯನ್ನು ಒತ್ತಿ ಒತ್ತಿ, ಇನ್ನೇನು ಅದು ಎದ್ದು ಚಹಾ ಕೇಳುವ ಹಂತಕ್ಕೆ ತಂದರು. ಅವರು ಎಡವಿದ್ದು ಬೇರೊಂದು ಪ್ರಶ್ನೆಗೆ. ಮಕ್ಕಳನ್ನು ಹೀನಾಯವಾಗಿ ಕರೆಯಬಹುದೇ? ಸಂದರ್ಭ ನೋಡಿ ಕರೆಯಬಹುದು ಎಂದು ಹೆಲೆನಬಾಯಿ ಉತ್ತರಿಸಿ ನಪಾಸಾದರು. ಯಾಕೆಂದರೆ ಅವರ ಮೈದಾನದಲ್ಲಿ ಹುಡುಗಿಯರಿಗೆ ಹೆಸರುಗಳೇ ಇರಲಿಲ್ಲ. ಮುದಿ ಎಮ್ಮೆ, ಸತ್ತ ಕಪ್ಪೆ, ಪಂಕ್ಚರ್ ಆದ ಟ್ರ್ಯಾಕ್ಟರು ಮೊದಲಾದ ಬಿರುದುಗಳಷ್ಟೇ ಇದ್ದವು.

ಎರಡನೆಯ ಸಲ ಬರೆದು ಪಾಸಾಗಿ ಬಂದವರು ಮರುದಿನ ಬಯಲಿನಲ್ಲಿ ನಿಂತು, ಚೆಂಡು ಬಿಟ್ಟುಕೊಟ್ಟ ನಾಯಕಿ ಪೂನಮಳತ್ತ ನೋಡಿ, “ಏ ಎಮ್ಮಿ” ಎಂದು ಬಾಯಿ ತೆರೆದು, ಆ ಎಮ್ಮೆಯನ್ನು ಇಡಿಯಾಗಿ ನುಂಗಿ, “ಪೂನಮ ಅವರೇ, ಚೆಂಡಿನ ಕಡೆ ಸ್ವಲ್ಪ ನೋಡ್ರಿ” ಎಂದರು. ಹುಡುಗಿಯರ ರಕ್ತ ಹೆಪ್ಪುಗಟ್ಟಿತು. ಪೂನಮ ಠಾಣಾ ಕುಶನೂರೆಂಬ ಹಳ್ಳಿಯಿಂದ ಬಂದು ಬೀದರಿನ ಹಾಸ್ಟೆಲಿನಲ್ಲಿದ್ದು ಓದುವ ಹುಡುಗಿ; ಹಾವನ್ನು ಕಂಡರೂ ಹೆದರದವಳು. ಅವಳು ಓಡಿ ಬಂದು, “ಸಿಸ್ಟರ್, ಆರಾಮ ಇಲ್ಲೇನ್ರಿ? ಒಮ್ಮಿ ಬೈರಿ” ಎಂದು ಅಂಗಲಾಚಿದಳು. ಹೆಲೆನಬಾಯಿ ಬೈಯಲಿಲ್ಲ. ಅಂದಿನಿಂದ ಅವರು ಎಲ್ಲರಿಗೂ ‘ರೀ’ ಹಚ್ಚಿಯೇ ಮಾತಾಡುತ್ತಾರೆ. ಆ ‘ರೀ’ ಹಿಂದಿನ ಎಲ್ಲ ಬೈಗುಳಗಳಿಗಿಂತ ಹರಿತವಾಗಿದೆಯೆಂದು ಹುಡುಗಿಯರ ದೂರು. ಹರಿತವೋ ಅಲ್ಲವೋ, ಆ ವರ್ಷವೇ ತಂಡವು ಮೊಟ್ಟಮೊದಲ ಬಾರಿ ಜಿಲ್ಲೆಯ ಫೈನಲ್ ಮುಟ್ಟಿತು. ಪಂದ್ಯ ಭಾಲ್ಕಿಯಲ್ಲಿ, ಭಾಲ್ಕಿಯ ತಂಡದ ಎದುರು. ಹೆಲೆನಬಾಯಿ ಕೋಟನ್ನು ಒಗೆದು ಇಸ್ತ್ರಿ ಮಾಡಿಸಿದರು.

ಉಳಿದಿದ್ದು ಪೊಲೀಸರ ತಪಾಸಣೆಯೊಂದೇ. ಅದಕ್ಕಾಗಿ ಓಣಿಗೆ ಬಂದವನು ಹಾಸನದ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಪಾಪದ ಹುಡುಗ. ನಮ್ಮ ಕಡೆ ನಡತೆಗೆ, ನಿಜಾಮರ ಕಾಲದಿಂದಲೂ, ‘ಚಾಲಚಲನ’ ಎನ್ನುತ್ತಾರೆಂದು ಠಾಣೆಯ ಹಿರಿಯರು ಅವನಿಗೆ ಕಲಿಸಿದ್ದರು. ಸ್ಥಳೀಯ ಭಾಷೆಯಲ್ಲೇ ವಿಚಾರಿಸಿ ಜನರ ಪ್ರೀತಿ ಗಳಿಸೋಣವೆಂದು ಹೊರಟ ಹುಡುಗನಿಗೆ ದಾರಿಯಲ್ಲಿ ಅರ್ಧ ಪದ ಉದುರಿಹೋಯಿತು. ಎದುರು ಮನೆಯ ಕೌಸಲ್ಯಾಬಾಯಿ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಾ ಕೂತಿದ್ದರು. ಹುಡುಗ ಕೈಮುಗಿದು ಕೇಳಿದ:

“ಅಮ್ಮ, ಹೆಲೆನಬಾಯಿಯವರ ಚಾಲ ಹೇಗಿದೆ?”

‘ಚಾಲ’ ಎಂದಷ್ಟೇ ಅಂದರೆ ನಮ್ಮಲ್ಲಿ ನಡಿಗೆ. ಕೌಸಲ್ಯಾಬಾಯಿ ಮರುಗಿ ಉತ್ತರಿಸಿದರು: “ಚಾಲ ಸೊಟ್ಟ ಅದ್ರಿ ಯಪ್ಪಾ. ಪೂರಾ ಸೊಟ್ಟ.”

“ಮೊದಲಿಂದಲೂ ಹೀಗೇನಾ?”

“ಕಾಲೇಜಿನಾಗ ಕೆಟ್ಟದ್ದು, ಹಂಗೇ ಉಳೀತು ನೋಡ್ರಿ. ಓಣಿ ಮಂದಿಗೆಲ್ಲಾ ಗೊತ್ತದ. ಯಾರೂ ಎದುರಿಗಿ ಅನ್ನಂಗಿಲ್ಲ, ಬ್ಯಾಸರ ಮಾಡ್ಕೋತಾರಂತ.”

ಹುಡುಗ ಬೆವರು ಒರೆಸಿಕೊಂಡು ಬರೆದುಕೊಂಡು ಹೋದ. ಅರ್ಜಿದಾರರ ನಡತೆ ವಿದ್ಯಾರ್ಥಿ ದೆಸೆಯಿಂದಲೂ ಸರಿ ಇಲ್ಲವೆಂದು ನೆರೆಯವರು ಹೇಳಿರುತ್ತಾರೆ ಎಂಬ ವರದಿ ಮಂಡಳಿಯ ಕಚೇರಿಗೆ ಬಂತು. ಸುದ್ದಿ ಓಣಿಗೆ ಬಂದಾಗ ಕೌಸಲ್ಯಾಬಾಯಿ, “ನಾ ಅಂದದ್ದು ಕಾಲಿಂದ್ರಿ! ಗುಣದ್ದಲ್ಲರಿ!” ಎಂದು ಎದೆ ಬಡಿದುಕೊಂಡು, ತೊಗರಿಯ ಮೊರ ಹಿಡಿದುಕೊಂಡೇ ಠಾಣೆಗೆ ಓಡಿದರು. ಹುಡುಗ ಔರಾದಕ್ಕೆ ಬಂದೋಬಸ್ತಿಗೆ ಹೋಗಿದ್ದ. ಅವನು ಬಂದು, ತಿದ್ದಿ, ಮೇಲಿನವರು ಸಹಿ ಮಾಡುವಷ್ಟರಲ್ಲಿ ಫೈನಲ್ ಮುಗಿದಿರುತ್ತಿತ್ತು. ನಾನು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡೆ. ಹೆಲೆನಬಾಯಿಯೂ ನಕ್ಕರು, ಆಮೇಲೆ ಗೋಡೆಗೆ ತೂಗಿದ ಇಸ್ತ್ರಿಯ ಕೋಟಿನ ಧೂಳು ಕೊಡವಿದರು.

ಮಂಡಳಿಯ ಅಧ್ಯಕ್ಷ ಅಶೋಕಕುಮಾರ ಆ ಸಂಜೆಯೇ ಬಂದರು. ಅವರು ನಗುವಾಗ ಹಲ್ಲುಗಳು ಒಂದೊಂದಾಗಿ ಅಲ್ಲ, ಮೆರವಣಿಗೆಯಲ್ಲಿ ಹೊರಬರುತ್ತವೆ.

“ಸಿಸ್ಟರ್, ನೀವು ನಮ್ಮವರು. ನಿಮಗ ನಾವೇ ರಿಯಾಯ್ತಿ ಕೊಟ್ಟುಬಿಡ್ತೇವಿ. ಹಂಗೇ ನಮ್ಮ ಹೆಂಡತಿ ತಮ್ಮಗೂ ಒಂದು. ತಂಡದ ಉಸ್ತುವಾರಿ ಅವ ನೋಡ್ಕೋತಾನ, ಮುಂದ ಬ್ಯಾಸಗಿ ಶಿಬಿರಕ್ಕೂ ಪೋರಿಗೋಳನ್ನ ಅವನೇ ಕರ್ಕೊಂಡು ಹೋಗ್ತಾನ.”

“ಅವರು ತರಬೇತಿಗಿ ಯಾಕ ಬರಲಿಲ್ರಿ?”

“ನಮ್ಮ ಮನಿ ಮಂದೀನ ಪೊಲೀಸರು ತಪಾಸ ಮಾಡಿದ್ರ ಮರ್ಯಾದಿ ಏನ್ ಉಳೀತದ್ರಿ?”

“ನಂದು ಓಣಿ ತುಂಬ ತಪಾಸ ಆಗ್ಯಾದ. ಸೊಟ್ಟ ಅಂತ ಬರದೂ ಕೊಟ್ಟಾರ. ಸತ್ತೀನೇನು?”

ಅಧ್ಯಕ್ಷರ ಮೆರವಣಿಗೆ ಒಳಗೆ ಹೋಯಿತು. “ಅಂದ್ರ ಅವ ಕೆಟ್ಟವ ಅಂತೀರಿ?”

“ಕೆಟ್ಟವರಂತ ನಾ ಅಂದಿಲ್ರಿ. ಒಳ್ಳೇವರಂತ ಯಾರೂ ನೋಡಿಲ್ಲ, ಅಷ್ಟೇ.”

“ಹಂಗಾದ್ರ ಭಾಲ್ಕ್ಯಾಗ ನೀವು ಗೇಟಿನ ಹೊರಗ, ಸಿಸ್ಟರ್.”

“ಹೊರಗೇ ನಿಲ್ತೇನಿ. ಅವರೂ ಹೊರಗ ನಿಲ್ಲಲಿ.”

ಭಾನುವಾರ ಭಾಲ್ಕಿಯ ಮೈದಾನಕ್ಕೆ ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಕೋಟು ತೊಟ್ಟ ಹೆಲೆನಬಾಯಿ ಗೇಟಿನ ಮುಂದೆ ನಿಂತು, ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟು, ತಾವು ರಸ್ತೆಯ ಬದಿ ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ಒಂದು ಟ್ರ್ಯಾಕ್ಟರ್ ಟ್ರಾಲಿಯನ್ನು ಏರಿದರು, ಹಿಂದೆ ನಾನೂ ಏರಿದೆ. ಅಲ್ಲಿಂದ ಗೋಡೆಯಾಚೆಯ ಮೈದಾನ ಕಾಣುತ್ತಿತ್ತು. ಅವರ ಹಳೆಯ ಶಿಷ್ಯೆ ಗ್ಲೋರಿ, ಔರಾದದ ಒಂದು ಶಾಲೆಯ ಆಟದ ಟೀಚರು, ಕಾರ್ಡು ಹಾಕಿಕೊಂಡು ಒಳಗೆ ತಂಡದ ಜೊತೆಗಿದ್ದಳು. ಅಷ್ಟರಲ್ಲಿ ಅಧ್ಯಕ್ಷರ ಭಾವಮೈದುನ ಹೊಚ್ಚ ಹೊಸ ಟ್ರ್ಯಾಕ್‌ಸೂಟಿನಲ್ಲಿ, ಬಿಸಿಲಿಗೆ ಕಣ್ಣು ಕುಕ್ಕುವ ಸೀಟಿಯೊಂದನ್ನು ಕೊರಳಿಗೆ ಹಾಕಿಕೊಂಡು, ಗೇಟು ದಾಟಿ ಒಳಗೆ ಹೋದ. ಹುಡುಗಿಯರನ್ನು ಸುತ್ತ ಸೇರಿಸಿ ಚಪ್ಪಾಳೆ ತಟ್ಟಿದ. ಪೂನಮ ಅವನ ಕೊರಳನ್ನೇ ನೋಡುತ್ತಿದ್ದಳು.

“ಸರ್, ನಿಮ್ಮ ಕಾರ್ಡ್ ಎಲ್ಲದರಿ?”

“ಯಾವ ಕಾರ್ಡ್ ಪೋರಿ? ನಾ ಅಧ್ಯಕ್ಷರ ಮನಿಯವ.”

“ನಮ್ಮ ಸಿಸ್ಟರೇ ಹೊರಗ ನಿಂತಾರ್ರಿ. ನೀವೂ ಹೋಗ್ರಿ, ಆಮ್ಯಾಲ ಆಡ್ತೇವಿ.”

ಹಾಗೆಂದು ಅವಳು ಕೋಲನ್ನು ನೆಲಕ್ಕಿಟ್ಟು ಮೈದಾನದ ನಡುವೆ ಕೂತಳು. ಉಳಿದವರೂ ಕೂತರು. ಅಧ್ಯಕ್ಷರು ಓಡಿ ಬಂದು, ಏಳದಿದ್ದರೆ ಭಾಲ್ಕಿಯವರೇ ಗೆದ್ದರೆಂದು ಸಾರುತ್ತೇನೆ ಎಂದು ಅಬ್ಬರಿಸಿದರು; ಆ ಅಬ್ಬರಕ್ಕೆ ಬೇವಿನ ಮರದ ಕಾಗೆಗಳು ಗಡಿ ದಾಟಿ ಮಹಾರಾಷ್ಟ್ರದ ಉದಗೀರಕ್ಕೆ ಹೋದವು. ಹುಡುಗಿಯರು ಕದಲಲಿಲ್ಲ. ಹೆಲೆನಬಾಯಿ ಟ್ರಾಲಿಯ ಮೇಲೆ ಕಲ್ಲಾಗಿ ನಿಂತಿದ್ದರು. ಹೋಗಲಿ ಆಡ್ರಿ ಎಂದು ಅವರೊಂದು ಸನ್ನೆ ಮಾಡಿದ್ದರೆ ಎಲ್ಲ ಎದ್ದುಬಿಡುತ್ತಿದ್ದರು. ಅವರ ಬದುಕಿನ ಒಂದೇ ಒಂದು ಫೈನಲ್, ಆಡದೆಯೇ ಕೈತಪ್ಪುವುದರಲ್ಲಿತ್ತು. ಅವರು ಸನ್ನೆ ಮಾಡಲಿಲ್ಲ.

ಕೊನೆಗೆ ಅಂಪೈರ್ ನಜಮೋದ್ದೀನ ತಮ್ಮ ಕೊರಳಿನ ಕಾರ್ಡನ್ನು ಎತ್ತಿ ಅಧ್ಯಕ್ಷರ ಮುಖದ ಮುಂದೆ ಹಿಡಿದರು. “ಇದರ ಮ್ಯಾಲ ಸಹಿ ನಿಮ್ಮದೇ ಅದರಿ ಅಧ್ಯಕ್ಷರ. ನನಗೊಂದು ಕಾಯ್ದೆ, ನಿಮ್ಮ ಸಂಬಂಧಿಕರಿಗಿ ಇನ್ನೊಂದೇನ್ರಿ? ನಾ ಸೀಟಿ ಊದಂಗಿಲ್ಲ.”

ಮೈದಾನದ ಸುತ್ತ ನಿಂತಿದ್ದ ತಾಯಂದಿರೂ ಗುಸುಗುಸು ಶುರು ಮಾಡಿದರು, ಭಾಲ್ಕಿಯ ತಾಯಂದಿರೂ ಸೇರಿ. ಭಾವಮೈದುನ ಸೀಟಿಯನ್ನು ಅಂಗಿಯೊಳಗೆ ಅಡಗಿಸಿಕೊಂಡು ಹೊರಗೆ ಬಂದ. ಹೆಲೆನಬಾಯಿ ಟ್ರಾಲಿಯ ಮೇಲೆ ಒಂದಿಷ್ಟು ಸರಿದು ಜಾಗ ಮಾಡಿದರು.

“ಬರ್ರಿ ಸಾಹೇಬರ, ಇಲ್ಲಿ ನೆರಳದ.”

ಅವನು ಬರಲಿಲ್ಲ. ಪಂದ್ಯ ನಡೆಯಿತು. ಪಿಸುಗುಟ್ಟಿದರೆ ಬೀದರಿನ ಕೋಟೆಯಲ್ಲಿ ಪ್ರತಿಧ್ವನಿಸುವಂಥ ಕಂಠವುಳ್ಳ ಹೆಲೆನಬಾಯಿ ಅಂದು ಸೆರಗಿನ ತುದಿಯನ್ನು ಕಚ್ಚಿಕೊಂಡು ನಿಂತರು. ಒಮ್ಮೆ ನಮ್ಮವರ ಎಡಬದಿ ಕಾಯುವವರಿಲ್ಲದೆ ಪೂರ್ತಿ ಬಯಲಾಗಿದ್ದು ನನ್ನಂಥವನಿಗೂ ಕಂಡಿತು. “ಕೂಗ್ರಿ ಸಿಸ್ಟರ್, ರಸ್ತಾ ಸರ್ಕಾರದ್ದು, ಯಾರೇನು ಕೇಳ್ತಾರ?” ಎಂದೆ. “ಗೋಡಿ ಮ್ಯಾಲಿಂದ ಕಲಿಸಿದ್ರ ಗೇಟ್ ಯಾಕ ಬೇಕ್ರಿ ಮಾಸ್ತರ?” ಎಂದು ಸೆರಗಿನ ಸಂದಿಯಿಂದಲೇ ಅಂದರು. ಆ ಎಡಬದಿಯಿಂದಲೇ ಭಾಲ್ಕಿಯವರು ಗೆಲುವಿನ ಗೋಲು ಹೊಡೆದರು.

ಪೂನಮ ಗೇಟಿನ ಹೊರಗೆ ಬಂದು ಟ್ರಾಲಿಯ ಗಾಲಿಗೆ ಹಣೆಯಾನಿಸಿ ಅತ್ತಳು. “ಸೋತೇವ್ರಿ ಸಿಸ್ಟರ್. ನೀವು ಒಳಗಿದ್ರ ಗೆಲ್ತಿದ್ದೇವು.”

“ಹೌದು, ಗೆಲ್ತಿದ್ರಿ” ಎಂದರು ಹೆಲೆನಬಾಯಿ. ಸುಳ್ಳು ಸಮಾಧಾನ ಅವರ ಬಾಯಲ್ಲಿ ಬರುವುದಿಲ್ಲ. ಕೆಳಗಿಳಿದು, ಕೋಟಿನ ತೋಳಿನಿಂದ ಆ ಹುಡುಗಿಯ ಮೂಗು ಒರೆಸಿದರು. “ಮುಂದಿನ ವರ್ಷ ಗೆಲ್ಲೋಣಂತ. ಖರೆ ಇವತ್ತು ಒಂದು ಮಾತು ಕೇಳಿದ್ರಿ ನೋಡ್ರಿ, ಕಾರ್ಡ್ ಎಲ್ಲದ ಅಂತ, ಅದನ್ನ ಬಿಡಬ್ಯಾಡ್ರಿ. ಸಾಲ್ಯಾಗ ಕೇಳ್ರಿ, ನೌಕರ್ಯಾಗ ಕೇಳ್ರಿ, ನಾಳಿ ನೋಡಲಿಕ್ಕ ಬಂದ ಗಂಡಿನ ಮನಿಯವರಿಗೂ ಕೇಳ್ರಿ.”

ಅಳುತ್ತಿದ್ದ ಪೂನಮ ಮೂಗಿನಿಂದ ನಕ್ಕಳು.

ತಿದ್ದಿದ ವರದಿ ಆಮೇಲೆ ಬಂತು. ಶಿಬಿರಕ್ಕೆ ಹುಡುಗಿಯರನ್ನು ಕರೆದೊಯ್ದವರು ಹೆಲೆನಬಾಯಿ ಮತ್ತು ಗ್ಲೋರಿ. ಅಧ್ಯಕ್ಷರು ಎದುರಾದರೆ ಈಗ ರಸ್ತೆ ಬದಲಿಸುತ್ತಾರೆ.

ನಿಯಮ ಮುರಿದು ಎದೆಯುಬ್ಬಿಸುವ ಬಂಡುಕೋರರನ್ನು ಲೋಕ ಬೇಗ ಗುರುತಿಸಿ ಹಾರ ಹಾಕುತ್ತದೆ. ನಿಯಮವನ್ನು ಅಕ್ಷರಶಃ ಪಾಲಿಸಿಯೇ ಬಂಡೇಳುವ ಇನ್ನೊಂದು ಕುಲವಿದೆ. ಅದಕ್ಕೆ ಹಾರವಿಲ್ಲ, ಕುರ್ಚಿಯಿಲ್ಲ, ಕೆಲವೊಮ್ಮೆ ಒಳಗೆ ಪ್ರವೇಶವೂ ಇಲ್ಲ. ಜರಡಿ ಹಿಡಿದರೆ ಈ ಕುಲದವರು ಮೊದಲು ತಾವೇ ಅದರೊಳಗೆ ಇಳಿಯುತ್ತಾರೆ. ಜರಡಿ ತಪ್ಪು ಮಾಡಿ ತಮ್ಮನ್ನೇ ಆಚೆ ಚೆಲ್ಲಿದರೂ ಅದನ್ನು ಹರಿಯುವುದಿಲ್ಲ, ಬೇರೆಯವರು ಹರಿಯಲೂ ಬಿಡುವುದಿಲ್ಲ. ಇವರನ್ನು ಬಗ್ಗಿಸಲು ಹೋದವರ ಸೊಂಟವೇ ಹಿಡಿದುಕೊಳ್ಳುತ್ತದೆ. ಇಂಥವರು ಇರುವ ಊರಿನಲ್ಲಿ ಅಧ್ಯಕ್ಷರುಗಳಿಗೆ ನಿದ್ದೆ ಬರುವುದಿಲ್ಲ. ಹೆಣ್ಣುಮಕ್ಕಳ ತಾಯಂದಿರಿಗೆ ಬರುತ್ತದೆ.