ಒಂದು ಹೂಂ

ನಮ್ಮಪ್ಪ, ಹೆಸರು ಅಜ್ಜಪ್ಪ, ಬ್ಯಾಡಗಿಯ ಮಠದಲ್ಲಿ ಪುರಾಣ ಓದುತ್ತಿದ್ದ. ಒಂದು ಪದ್ಯ ಹಾಡಿ, ಕೊನೆಯ ಸಾಲಿಗೆ ದನಿ ಇಳಿಸಿ ನಿಲ್ಲಿಸಿದನೆಂದರೆ ಎದುರಿಗೆ ಕೂತವನು ‘ಹೂಂ’ ಅನ್ನಬೇಕು. ಆ ಹೂಂ ಬಾರದೆ ಮುಂದಿನ ಪದ್ಯ ಬರುವುದಿಲ್ಲ. ಏಳನೇ ವಯಸ್ಸಿನಿಂದ ಆ ಕೆಲಸ ನನ್ನದಾಗಿತ್ತು. ತೂಕಡಿಸಿ ಒಂದು ಹೂಂ ತಪ್ಪಿಸಿದರೆ ಅಪ್ಪ ಸಾಲಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದ.

“ರಾಮ ನಡುನೀರಾಗ ನಿಂತಾನ ನೋಡೋ ಫಕ್ಕೀರೇಶ. ದಂಡಿಗೆ ಹತ್ತಸ್ತೀಯೋ, ಹಂಗ ಬಿಡ್ತೀಯೋ?”

ಜನ ನಗುತ್ತಿದ್ದರು. ನಾನು ಹೂಂ ಅನ್ನುತ್ತಿದ್ದೆ. ರಾಮ ದಂಡೆ ಸೇರುತ್ತಿದ್ದ.

ಅದು ಒಪ್ಪಿಗೆಯ ಹೂಂ ಅಲ್ಲ. ಕೇಳುತ್ತಿದ್ದೇನೆ, ಮುಂದೆ ಹೇಳು ಅನ್ನುವ ಹೂಂ. ಕಣ್ಣು ಮುಚ್ಚಿ ಕೇಳಬೇಕೆಂದೂ ಅಪ್ಪನೇ ಕಲಿಸಿದ್ದ. ಈಗ ಅಪ್ಪ ಇಲ್ಲ, ಬೇರೆ ಶಾಸ್ತ್ರಿಗಳು ಓದುತ್ತಾರೆ. ಹೂಂ ಮಾತ್ರ ನನ್ನದೇ. ಹಗಲು ಮಠದ ಬಾಗಿಲಲ್ಲಿ ವಿಭೂತಿ, ಊದಿನಕಡ್ಡಿ ಮಾರುತ್ತೇನೆ.

ನನ್ನ ತಮ್ಮ ಕೊಟ್ರೇಶನಿಗೆ ಈ ಕೂರುವ ಕೆಲಸ ಹಿಡಿಸಲಿಲ್ಲ. ಹದಿನೇಳಕ್ಕೆ ರಾಣೆಬೆನ್ನೂರಿಗೆ ಹೋಗಿ ನಯಾಜನ ಕ್ಲಬ್ಬು ಸೇರಿದ. ಟೈರ್ ಅಂಗಡಿಯ ಮೇಲಿನ ದೊಡ್ಡ ಹಾಲ್, ಹಸಿರು ಬಟ್ಟೆ ಹೊದ್ದ ಎರಡು ಸ್ನೂಕರ್ ಟೇಬಲ್ಲು. “ಬ್ಯಾಡಗಿ ಹುಡುಗ, ಅದಕ್ಕ ಅಲ್ಲಾಡಂಗಿಲ್ಲ ನೋಡ್ರಿ,” ಎಂದು ನಯಾಜ ಬಂದವರಿಗೆಲ್ಲ ಹೇಳುತ್ತಿದ್ದ. “ಮೆಣಸಿನಕಾಯಿ ಘಾಟಿನಾಗ ಸೀನು ತಡದು ತಡದು ಮೈ ಕಲ್ಲಾಗೇತಿ.”

ಆ ಕಲ್ಲಿನ ಮೈಯಲ್ಲೇ ಕೊಟ್ರೇಶ ಹತ್ತೊಂಬತ್ತು ವರ್ಷ ಆಡಿದ. ಪುಣೆ, ಇಂದೋರ, ಬೆಂಗಳೂರು ಎಲ್ಲಾ ತಿರುಗಿದ. ರಾಜ್ಯದ ಪಂದ್ಯಾವಳಿಯಲ್ಲಿ ಎರಡು ಸಲ ಸೆಮಿಫೈನಲ್ ಮುಟ್ಟಿದ. ರಾಷ್ಟ್ರೀಯ ಪಂದ್ಯಕ್ಕೆ ಹೋಗುವ ಪಟ್ಟಿಯಲ್ಲಿ ಮಾತ್ರ ಅವನ ಹೆಸರು ಎಂದೂ ಬರಲಿಲ್ಲ. ನಮ್ಮವ್ವ ಕರೆವ್ವ ಅವನು ಮನೆಗೆ ಬಂದಾಗಲೆಲ್ಲ ರೊಟ್ಟಿ ತಟ್ಟುತ್ತಲೇ ಕೇಳುತ್ತಿದ್ದಳು: “ನಿಂದು ಕೋಲಾಟ ಯಾವಾಗ ಮುಗೀತೈತೋ?”

“ಮುಗಿಯೂದಲ್ಲಬೇ, ಇನ್ನ ಚಾಲೂನ ಆಗಿಲ್ಲ,” ಅನ್ನುತ್ತಿದ್ದ.

ಗೆದ್ದದ್ದಕ್ಕಿಂತ ಹೆಚ್ಚಾಗಿ ಅವನ ಹೆಸರು ಇನ್ನೊಂದಕ್ಕೆ ಇತ್ತು. ಆಡುವಾಗ ಕೈಯೋ ಬಟ್ಟೆಯೋ ಚೆಂಡಿಗೆ ತಾಗಿದರೆ ಅದು ಫೌಲು, ಎದುರಾಳಿಗೆ ಅಂಕ. ರೆಫ್ರಿ ಕಾಣದಿದ್ದರೂ ಕೊಟ್ರೇಶ ಕೋಲು ಕೆಳಗಿಟ್ಟು ತಾನೇ ಹೇಳುತ್ತಿದ್ದ, “ತಾಗಿತು ಸರ್.” ಇಂದೋರಿನಲ್ಲಿ ಹಾಗೇ ಒಂದು ಪಂದ್ಯ ಕಳಕೊಂಡು ಬಂದಾಗ ನಯಾಜ ತಲೆ ಚಚ್ಚಿಕೊಂಡಿದ್ದ.

“ಯಾರೂ ನೋಡಿರ್ಲಿಲ್ಲಲ್ಲೋ ಮಾರಾಯಾ!”

“ನಾ ನೋಡಿದ್ನಲ್ಲ.”

ಹೋದ ವರ್ಷ ಅವನ ಬೆನ್ನು ಹಿಡಿಯಿತು. ಟೇಬಲ್ಲಿನ ಮೇಲೆ ದಿನಕ್ಕೆ ಎಂಟು ತಾಸು ಬಾಗಿದ ಬೆನ್ನು. ಹಾವೇರಿಯ ಡಾಕ್ಟರು ಎಕ್ಸರೇ ಫೋಟೋ ಬೆಳಕಿಗೆ ಹಿಡಿದು, ಇದೊಂದು ವರ್ಷ ಆಡಿಬಿಡಿ, ಆಮೇಲೆ ಬಾಗಬೇಡಿ ಅಂದರು. ಅದೇ ವರ್ಷ ನಮ್ಮ ಕಡೆಯ ಜಿಲ್ಲೆಗಳ ಆಯ್ಕೆ ಪಂದ್ಯ ಹಾವೇರಿಯಲ್ಲೇ ಬಂತು. ಗೆದ್ದ ಒಬ್ಬನಿಗೆ ರಾಷ್ಟ್ರೀಯ ಪಂದ್ಯ. ಕೊಟ್ರೇಶ ಫೈನಲ್ ಮುಟ್ಟಿದ ದಿನ ನನಗೆ ಫೋನು ಮಾಡಿದ.

“ಅಣ್ಣಾ, ನಾಳೆ ನೀ ಬಾ.”

“ನನಗೇನ್ ತಿಳಿತೈತಿ ಅದರಾಗ?”

“ತಿಳೀಬ್ಯಾಡ. ಸುಮ್ಮನ ಕುಂದ್ರಾಕ ನಿನ್ನಂಥವರು ಯಾರೂ ಸಿಗಂಗಿಲ್ಲ. ನಯಾಜ ಆದ್ರ ಉಸ್ರಾಡೂದನ್ನೂ ಜೋರಾಗೇ ಮಾಡ್ತಾನ.”

ಅಂಗಡಿ ಮುಚ್ಚಿ ಹೋದೆ. ಅವನೇ ನನ್ನನ್ನು ಮುಂದಿನ ಸಾಲಿನ ಮೂಲೆಯ ಕುರ್ಚಿಯಲ್ಲಿ ಕೂರಿಸಿದ. ಟೇಬಲ್ಲು ನಾಲ್ಕು ಮಾರು ದೂರವೂ ಇರಲಿಲ್ಲ. ಬಿಳಿ ಅಂಗಿಯ ಮೇಲೆ ಕರೀ ಜಾಕೀಟು ಹಾಕಿದ್ದ, ಮದುಮಗನ ಹಾಗೆ ಕಾಣುತ್ತಿದ್ದ. ಎದುರಾಳಿ ಹುಬ್ಬಳ್ಳಿಯ ವೀರೇಂದ್ರ, ಇಪ್ಪತ್ತೆರಡರ ಚಿಗುರು ಮೀಸೆಯವನು. ರೆಫ್ರಿ ಧಾರವಾಡದ ಶ್ರೀನಿವಾಸರಾಯರು, ಬಿಳಿ ಕೈಗವಸು ಹಾಕಿದ್ದ ಹಿರಿಯರು.

ಒಂದೆರಡು ಫ್ರೇಮು, ಅಂದರೆ ಒಂದೆರಡು ಸುತ್ತಿನ ಆಟ, ನೋಡಿದೆ. ಆಮೇಲೆ ನೋಡುವುದಕ್ಕಿಂತ ಕೇಳುವುದೇ ಸುಲಭ ಅನಿಸಿತು. ಕೋಲಿನ ತುದಿಗೆ ಸುಣ್ಣ ತಿಕ್ಕುವ ಸಪ್ಪಳ, ಚೆಂಡಿಗೆ ಚೆಂಡು ಹತ್ತುವ ಟಕ್ಕು, ಆಮೇಲೆ ಚೀಲಕ್ಕೆ ಬೀಳುವ ಗುಪ್ಪು. ರಾಯರು ಅಂಕ ಹೇಳುವ ದನಿ ಪ್ರತಿ ಸಲ ಕೊನೆಗೆ ಇಳಿಯುತ್ತಿತ್ತು. ನಾನು ಕಣ್ಣು ಮುಚ್ಚಿದೆ.

ಇಬ್ಬರೂ ನಾಲ್ಕು ನಾಲ್ಕು ಫ್ರೇಮು ಗೆದ್ದು ಸಮವಾದರು. ಉಳಿದದ್ದು ಒಂದೇ ಫ್ರೇಮು. ಅದರಲ್ಲಿಯೂ ಕೊನೆಗೆ ಗುಲಾಬಿ ಚೆಂಡು, ಕಪ್ಪು ಚೆಂಡು ಎರಡೇ. ಕೊಟ್ರೇಶ ಎರಡು ಅಂಕ ಮುಂದಿದ್ದ. ಗುಲಾಬಿಗೆ ಆರು ಅಂಕ, ಅದು ಬಿದ್ದರೆ ಎಂಟರ ಅಂತರ. ಕಪ್ಪಿಗೆ ಏಳೇ ಅಂಕವಾದ್ದರಿಂದ ಆಟ ಅಲ್ಲಿಗೇ ಮುಗಿದಂತೆ. ಇದನ್ನೆಲ್ಲ ಹಿಂದಿನ ಸಾಲಿನಿಂದ ನಯಾಜ ನನ್ನ ಕಿವಿಯಲ್ಲಿ ಉಸುರಿದ. “ಕಪ್ಪು ಅಡ್ಡ ಐತಿ, ಅದರ ಮ್ಯಾಲಿಂದ ಬಾಗಿ ಹೊಡೀಬೇಕು. ದುವಾ ಮಾಡ್ರಿ ಅಣ್ಣಾರ.”

ನಾನು ಇನ್ನೂ ಬಿಗಿಯಾಗಿ ಕಣ್ಣು ಮುಚ್ಚಿ ಶಿವನಾಮ ಹಿಡಿದೆ. ಟಕ್ಕು ಕೇಳಿತು. ಗುಪ್ಪು ಕೇಳಿತು. ಜನ ಚಪ್ಪಾಳೆಗೆ ಕೈಯೆತ್ತಿರಬೇಕು, ಆದರೆ ಚಪ್ಪಾಳೆ ಬರಲಿಲ್ಲ.

ರಾಯರಿಗೆ ಅನುಮಾನ ಬಂದಿತ್ತು. ಕಪ್ಪು ಚೆಂಡು ಕೂದಲೆಳೆಯಷ್ಟು ಅಲುಗಿದಂತೆ ಅವರಿಗೆ ಕಂಡಿತ್ತು, ಆದರೆ ಕೊಟ್ರೇಶನ ಮೈ ಅಡ್ಡವಿತ್ತು. ಕೇಳಿದರೆ ಕೊಟ್ರೇಶ ಸತ್ಯವನ್ನೇ ಹೇಳಿದ, “ನನಗ ಗೊತ್ತಾಗಲಿಲ್ಲ ಸರ್. ಖರೇ ಗೊತ್ತಾಗಲಿಲ್ಲ.” ವೀರೇಂದ್ರ ದೂರದ ಕುರ್ಚಿಯಲ್ಲಿದ್ದ, ಅವನಿಗೂ ಕಂಡಿರಲಿಲ್ಲ. ಇಂಥ ಹೊತ್ತಿನಲ್ಲಿ ಸಮೀಪ ಕೂತ ಪ್ರೇಕ್ಷಕನನ್ನು ಕೇಳಬಹುದೆಂದು ಆ ಆಟದ ನಿಯಮವಂತೆ. ನನಗದು ತಿಳಿದದ್ದು ಆಮೇಲೆ.

ರಾಯರು ಬಂದು, ಶಿವನಾಮದಲ್ಲಿ ಇನ್ನೂ ತಲೆ ತಗ್ಗಿಸಿ ಕೂತಿದ್ದ ನನ್ನ ಮುಂದೆ ನಿಂತರು. ಇಡೀ ಹಾಲ್ ಮಠದ ಹಾಗೆ ನಿಶ್ಶಬ್ದವಾಗಿತ್ತು.

“ಯಜಮಾನ್ರ, ನೀವು ಭಾಳ ಸಮೀಪ ಕೂತೀರಿ,” ಅಂದರು. ನಿಧಾನದ, ತುಂಬಿದ ದನಿ. “ಆಟಗಾರ ಬಾಗಿದಾಗ ಅವರ ಜಾಕೀಟು ಕರೀ ಚೆಂಡಿಗೆ ತಾಗಿತು ಅಂತ ನನಗ ಅನಸ್ತದ.”

ಅಲ್ಲಿಗೆ ದನಿ ಇಳಿಸಿ ನಿಲ್ಲಿಸಿದರು.

“ಹೂಂ,” ಅಂದೆ.

ಆ ಸಪ್ಪಳ ನನ್ನ ಬಾಯಿಂದ ಬಂದದ್ದೆಂದು ನನಗೆ ಗೊತ್ತಾದದ್ದು ಅವರು ಬೆನ್ನು ತಿರುಗಿಸಿದ ಮೇಲೆ. ಕಣ್ಣು ತೆರೆದೆ. ರಾಯರು ಟೇಬಲ್ಲಿನ ಕಡೆ ನಡೆಯುತ್ತ, “ಫೌಲ್. ಏಳು ಅಂಕ,” ಅಂದರು.

ನಾನು ಎದ್ದು ನಿಂತೆ. “ಹಂಗಲ್ರೀ… ನಾ ನೋಡಿಲ್ರಿ. ನಾ ಕೇಳಾಕತ್ತಿದ್ದೆ.”

“ಕೇಳಿಸ್ತೇನು ತಾಗಿದ್ದು?”

“ಇಲ್ರಿ, ನೀವು ಹೇಳೂದನ್ನ ಕೇಳಾಕತ್ತಿದ್ದೆ. ಅದಕ್ಕ ಹೂಂ…”

ಹಿಂದಿನಿಂದ ಯಾರೋ ನಕ್ಕರು. “ಅವರಣ್ಣ ಅದಾರ್ರೀ ಸರ್! ಈಗ ತಿಳದೈತಿ, ಮಾತು ತಿರಗಸಾಕತ್ತಾರ!” ರಾಯರ ಹುಬ್ಬು ಗಂಟಾಯಿತು. ಮೊದಲ ಮಾತೇ ಮಾತು ಅಂದರು. ಅವರದೇನೂ ತಪ್ಪಿಲ್ಲ.

ನಾನು ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಕೊಟ್ರೇಶ ಕೈಯೆತ್ತಿದ.

“ಬಿಡ್ರಿ ಸರ್. ನಮ್ಮಣ್ಣ ಹುಟ್ಟಿದಾಗಿಂದ ಸುಳ್ಳು ಹೇಳಿದಾವಲ್ಲ. ಅಂವ ಹೂಂ ಅಂದಾನಂದ್ರ ತಾಗೇತಿ.”

ಗುಲಾಬಿ ಚೆಂಡನ್ನು ಚೀಲದಿಂದ ತೆಗೆದು ಮತ್ತೆ ಅದರ ಜಾಗದಲ್ಲಿಟ್ಟರು. ಈಗ ವೀರೇಂದ್ರ ಐದು ಅಂಕ ಮುಂದೆ. ಅವನು ಎರಡು ಸಲ ಸುಣ್ಣ ತಿಕ್ಕಿ, ಗುಲಾಬಿಯನ್ನು ಬೀಳಿಸಿದ. ಹನ್ನೊಂದರ ಅಂತರ, ಆಟ ಮುಗಿಯಿತು. ಈ ಸಲ ಕಣ್ಣು ತೆರೆದೇ ನೋಡಿದೆ. ಕೊಟ್ರೇಶ ಹೋಗಿ ಆ ಹುಡುಗನ ಕೈ ಕುಲುಕಿ, ಬೆನ್ನು ತಟ್ಟಿ, ಆಮೇಲೆ ತನ್ನ ಬೆನ್ನಿಗೆ ಕೈಯೂರಿ ನಿಂತ.

ಹೊರಗೆ ಬಂದಾಗ ನಯಾಜ ನನ್ನ ಮುಖ ನೋಡಲಿಲ್ಲ. “ಅಣ್ಣಾರ, ನಿಮ್ಮ ಬಾಯಾಗ ಒಂದು ಮೆಣಸಿನಕಾಯಿಯಾದ್ರೂ ತುರುಕಿದ್ರ ಛಲೋ ಇತ್ತು,” ಎಂದು ಬೈಕು ಹತ್ತಿ ಹೋದ.

ನಾವಿಬ್ಬರೂ ಬಸ್ಸು ಹತ್ತಿದೆವು. ಅವನು ರಾಣೆಬೆನ್ನೂರಿಗೆ, ನಾನು ಮೋಟೆಬೆನ್ನೂರಲ್ಲಿ ಇಳಿದು ಬ್ಯಾಡಗಿಗೆ. ಹೊಲದ ಮೇಲೆ ಇನ್ನೂ ಬಿಸಿಲಿತ್ತು. ಕೋಲಿನ ಉದ್ದನೆಯ ಪೆಟ್ಟಿಗೆಯನ್ನು ಅವನು ಮಗುವಿನಂತೆ ತೊಡೆಯ ಮೇಲೆ ಅಡ್ಡ ಹಿಡಿದಿದ್ದ.

“ಕೊಟ್ರಾ, ನಾ ಕಣ್ಣು ಮುಚ್ಚಿದ್ನೋ,” ಅಂದೆ. “ಏನೂ ನೋಡಿಲ್ಲ. ಅಪ್ಪನ ಮುಂದ ಅಂತಿದ್ನಲ್ಲ, ಆ ಹೂಂ ಅದು. ಅವರು ದನಿ ಇಳಿಸಿದ್ರು, ಬಂದುಬಿಡ್ತು.”

ಅವನು ನನ್ನ ಕಡೆ ತಿರುಗಿದ. ಆಮೇಲೆ ನಕ್ಕ. ನಿಜವಾಗಿಯೂ ನಕ್ಕ.

“ನನ್ನ ಸಮಾಧಾನಕ್ಕ ಸುಳ್ಳು ಹೇಳಾಕ ಕಲತಿ ನೋಡು. ಇಷ್ಟು ವಯಸ್ಸಾದ ಮ್ಯಾಲ.”

“ಮಠದಾಣಿ ಕೊಟ್ರಾ.”

“ಆಣಿ ಬ್ಯಾರೆ ಇಡ್ತೀಯಾ? ಸಾಕ್ ಬಿಡೋ ಅಣ್ಣಾ. ನೀ ನೋಡಿದ್ದು ನೋಡಿದಿ, ಹೇಳಿದಿ. ತಪ್ಪೇನೈತಿ?”

ಸುಳ್ಳು ಹೇಳಿ ಬಲ್ಲವನಾಗಿದ್ದರೆ, ಯಾವ ದನಿಯಲ್ಲಿ ಹೇಳಿದರೆ ಜನ ನಂಬುತ್ತಾರೆಂದಾದರೂ ಗೊತ್ತಿರುತ್ತಿತ್ತು. ಕಂಡಕ್ಟರ್ “ಮೋಟೆಬೆನ್ನೂರು, ಬ್ಯಾಡಗಿಗೆ ಹೋಗೋರು ಮುಂದ ಬರ್ರಿ” ಎಂದು ಕೂಗಿದ. ಕಿಟಕಿಯಿಂದ ಮೆಣಸಿನಕಾಯಿ ಘಾಟು ತೇಲಿ ಬಂತು. ಬಸ್ಸೆಲ್ಲ ಸೀನಿತು. ಕೊಟ್ರೇಶ ಸೀನಲಿಲ್ಲ.

ನಾನು ಏಳುವಾಗ ಅವನು ನನ್ನ ಮುಂಗೈ ಹಿಡಿದ. ಇನ್ನೊಂದು ಕೈಯಿಂದ ಜಾಕೀಟಿನ ಕೆಳಗಿನ ಗುಂಡಿಯನ್ನು ಮುಟ್ಟಿ ತೋರಿಸಿದ.

“ಇಲ್ಲೇ. ಈಗ ನೆನಪಾಗಾಕತ್ತೇತಿ. ಬಾಗಿದಾಗ ಇಲ್ಲೇ ಏನೋ ಒಂದೀಟು ತಡದಂಗಾತು. ಆಟದ ಗುಂಗಿನಾಗ ನನ್ನ ಲಕ್ಷ್ಯಕ್ಕ ಬರಲಿಲ್ಲ. ನೀ ಇರದಿದ್ರ ತಾಗಿಸಿ ಗೆದ್ದು ಹೋಗ್ತಿದ್ನಲ್ಲೋ ಅಣ್ಣಾ. ಹತ್ತೊಂಬತ್ತು ವರ್ಷದ್ದು ಎಲ್ಲಾ ನೀರಾಗ ಹೋಗ್ತಿತ್ತು.”

ದನಿ ಇಳಿಸಿ, ನಿಲ್ಲಿಸಿದ. ಅವನು ಅಪ್ಪನ ಮುಂದೆ ಒಂದು ದಿನವೂ ಕೂತವನಲ್ಲ, ಆದರೆ ನಿಲ್ಲಿಸಿದ್ದು ಅಪ್ಪನ ಹಾಗೆಯೇ. ಕಾದ. ಕಂಡಕ್ಟರ್ ಬಾಗಿಲು ಬಡಿದ. ಕೊಟ್ರೇಶನ ಬೆರಳು ಆ ಗುಂಡಿಯ ಮೇಲೇ ಇತ್ತು.

“ಹೂಂ,” ಅಂದೆ.

ಅವನು ಕೈ ಬಿಟ್ಟ. “ಲಗೂನ ಇಳಿ. ಅವ್ವಗ ಹೇಳು, ಕೋಲಾಟ ಮುಗೀತು ಅಂತ.”