ಪಡುವಣದ ಮೋಡ

"ಚಿತ್ರ ಭಾಳ ಛಂದ ಆಗ್ಯದ್ರಿ. ಆದ್ರ ಇದು ಮುಳುಗೋ ಸೂರ್ಯ ಅಲ್ಲೇನ್ರಿ?" ಎಂದರು ಚನ್ನವೀರಪ್ಪ.

ರಾಜಲಕ್ಷ್ಮಿ ಹೌದೆಂದಳು. ಹಾರ್ವಿ ಚಂಡಮಾರುತದ ಮರುವರ್ಷ ಫುಲ್‌ಶೀರ್ ಎಂಬ ಊರಿನಲ್ಲಿ ಚನ್ನವೀರಪ್ಪ ದಂಪತಿ ಕಟ್ಟಿಸಿದ ಈ ಮನೆಯ ಹಿತ್ತಲು ಪಡುವಣಕ್ಕೆ ತೆರೆದಿತ್ತು. ಕಳೆದ ತಿಂಗಳು ಅವಳು ತಾನಿರುವ ಅಲೆನ್ ಊರಿನಿಂದ ಡ್ರೈವ್ ಮಾಡಿಕೊಂಡು ಬಂದು, ಬೇಲಿಯ ಪಕ್ಕ ಕುರ್ಚಿ ಹಾಕಿ ಕೂತು, ಕಂಡದ್ದನ್ನು ಕಂಡ ಹಾಗೆ ಬರೆದಿದ್ದಳು. ಮುಕ್ಕಾಲು ಪಾಲು ಮೋಡ, ಅದರಡಿಯಲ್ಲಿ ಒಂದು ಗೆರೆ ಕೆಂಪು.

"ಹೊಸ ಮನ್ಯಾಗ ಮುಳುಗೋ ಸೂರ್ಯನ್ನ ಹಾಕಬಾರದಂತಾರ್ರಿ. ಅದೂ ಇಕಿ ಕಣ್ಣು ಹಿಂಗಿರೋವಾಗ. ಇದನ್ನ ಮುಂಜಾನಿ ಮಾಡಾಕ ಬರ್ತದೇನ್ರಿ?"

ಅವರ ಹೆಂಡತಿ ಸುಮಿತ್ರವ್ವನ ದೃಷ್ಟಿ ಇಳಿಯುತ್ತಲೇ ಇತ್ತು. ಪೂರ್ತಿ ಹೋಗಬಹುದೆಂದು ಡಾಕ್ಟರು ಹೇಳಿಬಿಟ್ಟಿದ್ದರು. ಈ ಮನುಷ್ಯ ಹೆದರಿದ್ದು ತನಗಾಗಿ ಅಲ್ಲ ಎಂದು ರಾಜಲಕ್ಷ್ಮಿಗೆ ತಿಳಿಯಿತು.

ಮುಂಜಾನೆ ಮಾಡುವುದೇನು ಮಹಾ, ನಾಲ್ಕು ಎಳೆ ಹಳದಿ ಸಾಕು. ಕನ್ನಡ ಸಂಘದವರಿಗೆ ಅಂಥ ಸೂರ್ಯೋದಯಗಳನ್ನು ಅವಳು ಕಣ್ಣು ಮುಚ್ಚಿಕೊಂಡು ಬರೆದುಕೊಟ್ಟಿದ್ದಳು. ಮ್ಯೂಸಿಯಮ್ಮಿನಲ್ಲಿ ಒಬ್ಬ ಇಂಗ್ಲಿಷ್ ಚಿತ್ರಕಾರನ ಪುಟ್ಟ ಪುಟ್ಟ ಮೋಡಗಳ ಮುಂದೆ ನಿಂತ ಮೇಲೆ ಅದು ನಿಂತುಹೋಯಿತು. ಇನ್ನೂರು ವರ್ಷದ ಹಿಂದೆ ಆತ ಬಯಲಿನಲ್ಲಿ ಕೂತು ಬರೆದು, ಗಂಟೆ ಎಷ್ಟು, ಗಾಳಿ ಯಾವ ಕಡೆಯದು ಎಂದು ಗುರುತು ಹಾಕಿಟ್ಟಿದ್ದ. ಆಕಾಶ ಸುಳ್ಳಾದರೆ ಕೆಳಗಿನ ನೆಲವೂ ಸುಳ್ಳು ಎಂದು ಅವಳಿಗೆ ಅಂದು ಅನ್ನಿಸಿತ್ತು. ಆದರೂ ಈಗ ಇಲ್ಲವೆನ್ನಲು ಬಾಯಿ ಬರಲಿಲ್ಲ.

"ಬಣ್ಣ ಕಾರಲ್ಲಿದೆ, ತರ್ತೀನಿ ಅಂಕಲ್" ಎಂದು ಎದ್ದಳು.

"ತಡೀ ತಂಗಿ, ನಾನೂ ನೋಡ್ತೀನಿ."

ಸುಮಿತ್ರವ್ವ ಅಡುಗೆಮನೆಯಿಂದ ಗೋಡೆ ಹಿಡಿದುಕೊಂಡು ಬಂದರು. ಮೂಗು ತಾಗುವಷ್ಟು ಬಗ್ಗಿ, ಚಿತ್ರವನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದರು.

"ಆವತ್ತು ಮಳಿ ಬರಲಿಲ್ಲ, ಅಲ್ಲ?"

"ಬರ್ಲಿಲ್ಲ ಆಂಟಿ. ಇನ್ನೇನು ಬಂದೇಬಿಡ್ತು ಅನ್ನೋ ಹಾಗಿತ್ತು."

"ಈ ಮೋಡ ನೋಡೇ ನಾ ಸಂಡಿಗಿ ತಾಟು ಎಲ್ಲಾ ಒಳಗ ತಂದಿದ್ದೆ. ಹಸೀ ಸಂಡಿಗಿ, ಎಲ್ಲಾ ಹಾಳಾತು." ಅವರು ನಕ್ಕರು. ಆಮೇಲೆ ನಗು ನಿಂತಿತು. "ನಾ ಕಡೀ ಸಲ ಮೋಡ ಕಂಡಿದ್ದು ಅದೇ. ಈಗ ದೂರದ್ದೆಲ್ಲಾ ಬರೇ ಬೆಳ್ಳಗ ಕಾಣ್ತದ. ಇದನ್ನ ಮುಂಜಾನಿ ಮಾಡಬ್ಯಾಡವ್ವ."

ರಾಜಲಕ್ಷ್ಮಿ ಮತ್ತೆ ಕೂತಳು. ಚನ್ನವೀರಪ್ಪ ಗ್ಯಾರೇಜಿಗೆ ಹೋಗಿ ಸುತ್ತಿಗೆ, ಮೊಳೆ, ಪೆನ್ಸಿಲ್ಲು ತಂದರು.

"ಮೋಡ ಎಲ್ಲಿಗ ಬರಬೇಕು ಹೇಳು" ಎಂದರು ಹೆಂಡತಿಗೆ.

ಸುಮಿತ್ರವ್ವ ಬರಿಗೋಡೆಗೆ ಮುಖವೊಡ್ಡಿ ನಿಂತು, ಕಣ್ಣಿನ ನೇರಕ್ಕೆ ಬೆರಳಿಟ್ಟರು. ಚನ್ನವೀರಪ್ಪ ಆ ಬೆರಳಿನ ಪಕ್ಕ ಸಣ್ಣದೊಂದು ಗುರುತು ಹಾಕಿದರು.